ಯಕೃತ್ತಿನ ಕ್ಯಾನ್ಸರು ಗಂಡಸರನ್ನೇ ಏಕೆ ಹೆಚ್ಚು ಕಾಡುತ್ತದೆ? – ಒಂದು ಸಿದ್ಧ ಉತ್ತರದ ವಿಮರ್ಶೆ

2020ನೆಯ ಇಸವಿಯಲ್ಲಿ ಜಗತ್ತಿನಾದ್ಯಂತ 9,05,677 ಮಂದಿಗೆ ಹೊಸದಾಗಿ ಯಕೃತ್ತಿನ ಕ್ಯಾನ್ಸರು ಬಂದಿತೆಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಅಂದಾಜು. ಇವರಲ್ಲಿ ಗಂಡಸರು 6,32,320, ಹೆಂಗಸರು 2,73,357. (ಅಂದಾಜಿಗೆ ಆರು ಸಾರ್ಥಕ ಅಂಕಿಗಳೇ ಎಂದು ಭೌತವಿಜ್ಞಾನದ ವಿದ್ಯಾರ್ಥಿಗಳು ಹುಬ್ಬೇರಿಸಿದರೆ ತಪ್ಪಿಲ್ಲ. ಕೊನೆಯ ಮೂರು ಅಂಕಿಗಳನ್ನು ಮರೆತುಬಿಡಿ.) ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ 2.3 ಬರುತ್ತದೆ. ಹೆಂಗಸರ ಆಯುಸ್ಸು ಹೆಚ್ಚು, ವಯಸ್ಸಾದಂತೆ ಈ ಕಾಯಿಲೆಯೂ ಹೆಚ್ಚು. ಆದ್ದರಿಂದ ವಯಸ್ಸಿನ ವ್ಯತ್ಯಾಸವನ್ನು ಸರಿದೂಗಿಸಿ ಲೆಕ್ಕ ಹಾಕುತ್ತಾರೆ. ಆಗ ಲಕ್ಷಕ್ಕೆ ಗಂಡಸರಲ್ಲಿ 14.1, ಹೆಂಗಸರಲ್ಲಿ 5.2, ಅನುಪಾತ 2.7. ಅಂತರ ಕಡಿಮೆಯಾಗುವ ಬದಲು ಹೆಚ್ಚಾಯಿತು.

ಈ 2.7 ಎಲ್ಲಿಂದ ಬಂತು? ಪಠ್ಯಪುಸ್ತಕಗಳಲ್ಲೂ ಪತ್ರಿಕೆಗಳ ಆರೋಗ್ಯ ಪುಟಗಳಲ್ಲೂ ಇದಕ್ಕೊಂದು ಸಿದ್ಧ ಉತ್ತರವಿದೆ. ಹೆಣ್ಣಿನ ಹಾರ್ಮೋನಾದ ಈಸ್ಟ್ರೋಜನ್ ಯಕೃತ್ತನ್ನು ಕಾಯುತ್ತದೆ, ಗಂಡಿನ ಹಾರ್ಮೋನಾದ ಟೆಸ್ಟೊಸ್ಟೆರೋನ್ ಕೆಡಿಸುತ್ತದೆ. ಯಾರಿಗೆ ಎಷ್ಟು ಎಂಬುದನ್ನು ಅವರವರ ಜೀನುಗಳಲ್ಲಿರುವ ಸಣ್ಣ ವ್ಯತ್ಯಾಸಗಳು ತೀರ್ಮಾನಿಸುತ್ತವೆ. ಕೇಳಲು ಅಚ್ಚುಕಟ್ಟಾಗಿದೆ. ಬೋಧಿಸಲು ಸುಲಭ. ಪರೀಕ್ಷೆಯಲ್ಲಿ ನಾಲ್ಕು ಅಂಕಗಳ ಪ್ರಶ್ನೆಗೆ ಹೇಳಿ ಮಾಡಿಸಿದ ಉತ್ತರ. ಇದಕ್ಕಿರುವ ಸಾಕ್ಷ್ಯ ಎಷ್ಟು ಗಟ್ಟಿ, ಎಲ್ಲಿ ಗಟ್ಟಿ, ಎಲ್ಲಿ ಪೊಳ್ಳು ಎಂಬುದನ್ನು ಈ ಲೇಖನದಲ್ಲಿ ತೂಗಿ ನೋಡೋಣ. ಭೌತವಿಜ್ಞಾನ ಕಲಿಸುವವನಿಗೆ ಯಕೃತ್ತಿನ ಗೊಡವೆ ಏಕೆ ಎಂದು ನೀವು ಕೇಳಬಹುದು. ವಿಷಯ ಜೀವವಿಜ್ಞಾನದ್ದಾದರೂ ವಾದ ನಿಂತಿರುವುದು ಅಳತೆ, ಅನುಪಾತ ಮತ್ತು ದೋಷದ ಅಂದಾಜುಗಳ ಮೇಲೆ. ಆ ಮಟ್ಟಿಗೆ ಮಾತನಾಡುವ ಅಧಿಕಾರ ಇದೆಯೆಂದುಕೊಂಡಿದ್ದೇನೆ.

ಇಲಿಗಳು ಹೇಳಿದ್ದು

ಹಾರ್ಮೋನು ವಾದದ ಅತ್ಯಂತ ಗಟ್ಟಿಯಾದ ಭಾಗ ಇಲಿಗಳ ಮೇಲಿನ ಪ್ರಯೋಗಗಳಲ್ಲಿದೆ. ಡೈಈಥೈಲ್‌ನೈಟ್ರೊಸಮೀನ್ ಎಂಬ ರಾಸಾಯನಿಕವನ್ನು ಇಲಿಮರಿಗಳಿಗೆ ಚುಚ್ಚಿದರೆ ಕೆಲವು ತಿಂಗಳುಗಳ ನಂತರ ಯಕೃತ್ತಿನಲ್ಲಿ ಗೆಡ್ಡೆಗಳು ಕಾಣಿಸಿಕೊಳ್ಳುತ್ತವೆ. ಗಂಡುಗಳಲ್ಲಿ ಹೆಚ್ಚು ಕಡಿಮೆ ಎಲ್ಲಕ್ಕೂ ಬರುತ್ತದೆ. ಒಂದೇ ಸೂಲಿನ ಹೆಣ್ಣುಗಳಲ್ಲಿ ನೂರಕ್ಕೆ 10ರಿಂದ 30ಕ್ಕೆ ಮಾತ್ರ. ಇಲಿಗಳು ಹೆಂಡ ಕುಡಿಯುವುದಿಲ್ಲ, ಬೀಡಿ ಸೇದುವುದಿಲ್ಲ. ಹಾಗಾಗಿ ಗಂಡಸರ ಚಟಗಳೇ ಎಲ್ಲಕ್ಕೂ ಕಾರಣ ಎಂಬ ಸುಲಭದ ವಿವರಣೆ ಇಲ್ಲಿ ನಡೆಯದು. ಗಂಡಿಲಿಯ ವೃಷಣ ತೆಗೆದರೆ ಗೆಡ್ಡೆಗಳು ಕಡಿಮೆಯಾಗುತ್ತವೆ. ಟೆಸ್ಟೊಸ್ಟೆರೋನಿನ ಗ್ರಾಹಕವೇ ಕೆಟ್ಟಿರುವ ತಳಿಯ ಗಂಡುಗಳಲ್ಲೂ ಕಡಿಮೆ.

2007ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೊ ಕೇಂದ್ರದ ಮೈಕೆಲ್ ಕರಿನ್ ಅವರ ತಂಡ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಬಂಧ ಇದರ ಹಿಂದಿನ ಒಂದು ಕೊಂಡಿಯನ್ನು ತೋರಿಸಿತು. ಯಕೃತ್ತಿನಲ್ಲಿ ಕುಪ್ಫರ್ ಕೋಶಗಳೆಂಬ ಕಾವಲು ಕೋಶಗಳಿವೆ. ಪಕ್ಕದ ಕೋಶಗಳು ವಿಷದಿಂದ ಸತ್ತಾಗ ಇವು ಇಂಟರ್‌ಲ್ಯೂಕಿನ್-6 ಎಂಬ ಉರಿಯೂತದ ಸಂಕೇತವನ್ನು ಹೊರಡಿಸುತ್ತವೆ. ಗಂಡುಗಳಲ್ಲಿ ಈ ಸಂಕೇತ ಜೋರು, ಹೆಣ್ಣುಗಳಲ್ಲಿ ಕ್ಷೀಣ. ಈಸ್ಟ್ರೋಜನ್ ಅದನ್ನು ಅದುಮಿ ಹಿಡಿಯುತ್ತದೆ. ಇಂಟರ್‌ಲ್ಯೂಕಿನ್-6ರ ಜೀನನ್ನೇ ತೆಗೆದುಹಾಕಿದ ಇಲಿಗಳಲ್ಲಿ ಗಂಡು ಹೆಣ್ಣುಗಳ ಅಂತರ ಅಳಿಸಿಹೋಯಿತು. ಇಲ್ಲಿ ಮೆಚ್ಚಬೇಕಾದ ಅಂಶವನ್ನು ಗಮನಿಸಿ: ಎರಡು ಸಂಗತಿಗಳು ಒಟ್ಟಿಗೆ ಏರಿದವು ಎಂದು ತೋರಿಸಿ ಅವರು ಕೈತೊಳೆದುಕೊಳ್ಳಲಿಲ್ಲ. ಒಂದನ್ನು ಕಿತ್ತು ಇನ್ನೊಂದು ಏನಾಯಿತೆಂದು ನೋಡಿದರು. ಮಂಡಲದಲ್ಲಿ ಒಂದು ರೋಧಕವನ್ನು ತೆಗೆದು ವಿದ್ಯುತ್ಪ್ರವಾಹ ಅಳೆಯುವ ಹಾಗೆ.

ಐದು ವರ್ಷಗಳ ನಂತರ, 2012ರಲ್ಲಿ, ‘ಸೆಲ್’ ಪತ್ರಿಕೆಯಲ್ಲಿ ಬಂದ ಪ್ರಬಂಧ ಇನ್ನೂ ಕುತೂಹಲಕಾರಿ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಕ್ಲೌಸ್ ಕೆಸ್ಟ್‌ನರ್ ಮತ್ತು ಸಂಗಡಿಗರ ಕೆಲಸ ಇದು. ಇದನ್ನು ತಿಳಿಯಲು ಹಾರ್ಮೋನು ಕೋಶದೊಳಗೆ ಹೇಗೆ ಕೆಲಸ ಮಾಡುತ್ತದೆಂದು ಒಂದಿಷ್ಟು ನೆನಪಿಸಿಕೊಳ್ಳಬೇಕು. ಈಸ್ಟ್ರೋಜನ್ ಆಗಲಿ ಟೆಸ್ಟೊಸ್ಟೆರೋನ್ ಆಗಲಿ ತಾನಾಗಿ ಏನನ್ನೂ ಮಾಡುವುದಿಲ್ಲ. ಅದು ತನ್ನ ಗ್ರಾಹಕ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಆ ಜೋಡಿ ಡಿಎನ್‌ಎಯ ನಿರ್ದಿಷ್ಟ ತಾಣಗಳಲ್ಲಿ ಕುಳಿತು ಹತ್ತಿರದ ಜೀನನ್ನು ಚುರುಕುಗೊಳಿಸುತ್ತದೆ ಅಥವಾ ಸುಮ್ಮನಾಗಿಸುತ್ತದೆ. ಆದರೆ ಕೋಶಕೇಂದ್ರದಲ್ಲಿ ಡಿಎನ್‌ಎ ಬಿಗಿಯಾಗಿ ಸುತ್ತಿಕೊಂಡಿರುತ್ತದೆ. ಸುರುಳಿಯನ್ನು ಸಡಿಲಿಸಿ ಜಾಗ ಮಾಡಿಕೊಡಲು ಮೊದಲು ಬೇರೆ ಪ್ರೋಟೀನುಗಳು ಬರಬೇಕು. ಯಕೃತ್ತಿನಲ್ಲಿ ಈ ಕೆಲಸ ಮಾಡುವವು ಫಾಕ್ಸ್‌ಎ1 ಮತ್ತು ಫಾಕ್ಸ್‌ಎ2. ಇವೆರಡೂ ಇಲ್ಲದ ಇಲಿಗಳಿಗೆ ಅದೇ ರಾಸಾಯನಿಕ ಕೊಟ್ಟಾಗ ಲಿಂಗಭೇದ ತಲೆಕೆಳಗಾಯಿತು. ಹೆಣ್ಣುಗಳಿಗೆ ಗೆಡ್ಡೆ ಹೆಚ್ಚಾಯಿತು, ಗಂಡುಗಳು ಬಚಾವಾದವು.

ಅಂದರೆ ಈಸ್ಟ್ರೋಜನಿನ ‘ಕಾಯುವ ಗುಣ’ ಈಸ್ಟ್ರೋಜನಿನಲ್ಲಿ ಇಲ್ಲ. ಫಾಕ್ಸ್ ಪ್ರೋಟೀನುಗಳು ಗ್ರಾಹಕವನ್ನು ಎಲ್ಲಿ ಕೂರಿಸುತ್ತವೆ ಎಂಬುದರಲ್ಲಿ ಇದೆ. ಇದೇ ಹಾರ್ಮೋನು ಸ್ತನದ ಕೋಶದಲ್ಲಿ ಗೆಡ್ಡೆಯನ್ನು ಬೆಳೆಸುವುದು ನಮಗೆಲ್ಲ ಗೊತ್ತಿರುವ ವಿಷಯವೇ. ಹೀಗಿದ್ದೂ ಈ ಪ್ರಬಂಧವನ್ನು ಉಲ್ಲೇಖಿಸುವವರು ‘ಈಸ್ಟ್ರೋಜನ್ ಕಾಯುತ್ತದೆ ಎಂಬುದು ಸಾಬೀತಾಯಿತು’ ಎಂದು ಬರೆಯುವುದುಂಟು. ಪ್ರಬಂಧ ಹೇಳುತ್ತಿರುವುದು ಅದಕ್ಕಿಂತ ಸೂಕ್ಷ್ಮವಾದದ್ದನ್ನು.

ಆ ಪ್ರಬಂಧದ ಕೊನೆಯಲ್ಲಿ ಮನುಷ್ಯರ ವಿಷಯ ಬರುತ್ತದೆ. ಫಾಕ್ಸ್‌ಎ2 ಕೂರುವ ತಾಣಗಳಲ್ಲಿ ಡಿಎನ್‌ಎಯ ಒಂದೊಂದು ಅಕ್ಷರ ಬದಲಾಗಿದ್ದರೆ ಅಲ್ಲಿ ಫಾಕ್ಸ್‌ಎ2 ಹಾಗೂ ಈಸ್ಟ್ರೋಜನ್ ಗ್ರಾಹಕ ಎರಡರ ಹಿಡಿತವೂ ಸಡಿಲವಾಗುತ್ತದೆ, ಮತ್ತು ಇಂಥ ವ್ಯತ್ಯಾಸಗಳು ಹೆಂಗಸರಲ್ಲಿ ಯಕೃತ್ತಿನ ಕ್ಯಾನ್ಸರಿನ ಜೊತೆಗೆ ಸಹಸಂಬಂಧ ಹೊಂದಿವೆ ಎಂದು ಲೇಖಕರು ವರದಿ ಮಾಡುತ್ತಾರೆ. ನಮ್ಮ ಸಿದ್ಧ ಉತ್ತರದಲ್ಲಿರುವ ಮೂರೂ ಪಾತ್ರಗಳು – ಜೀನಿನ ವ್ಯತ್ಯಾಸ, ಲಿಂಗ ಹಾರ್ಮೋನು, ಕ್ಯಾನ್ಸರು – ಇಲ್ಲಿ ಒಂದೇ ವಾಕ್ಯದಲ್ಲಿ ಕೈಹಿಡಿದು ನಿಂತಿವೆ. ಆದರೆ ಇಲಿಯ ಭಾಗಕ್ಕೂ ಮನುಷ್ಯರ ಭಾಗಕ್ಕೂ ಸಾಕ್ಷ್ಯದ ದರ್ಜೆಯೇ ಬೇರೆ. ಇಲಿಯಲ್ಲಿ ಜೀನನ್ನು ಕಿತ್ತು ನೋಡಿದ್ದಾರೆ. ಮನುಷ್ಯರಲ್ಲಿ ಜೊತೆಗೆ ಕಂಡುಬಂದದ್ದನ್ನು ಎಣಿಸಿದ್ದಾರೆ. ಮೊದಲ ಭಾಗದ ಬಲವನ್ನು ಎರಡನೆಯದಕ್ಕೆ ಸಾಲ ಕೊಡಲಾಗದು.

ಇಲಿಯ ಭಾಗದಲ್ಲೂ ಒಂದು ತೊಡಕಿದೆ, ಮತ್ತು ನನಗೆ ಇದು ತುಂಬ ಇಷ್ಟವಾದದ್ದು. ದಂಶಕಗಳ ಯಕೃತ್ತಿನಲ್ಲಿ ಗಂಡು ಹೆಣ್ಣುಗಳ ಭೇದವನ್ನು ಬಹುಮಟ್ಟಿಗೆ ನಿರ್ಧರಿಸುವುದು ಪಿಟ್ಯುಟರಿ ಗ್ರಂಥಿಯ ಬೆಳವಣಿಗೆ ಹಾರ್ಮೋನು. ಪ್ರಮಾಣಕ್ಕಿಂತ ಅದರ ಲಯ ಮುಖ್ಯ! ಗಂಡು ಹೆಗ್ಗಣದಲ್ಲಿ ಅದು ಸುಮಾರು ಮೂರೂವರೆ ಗಂಟೆಗೊಮ್ಮೆ ಮಿಡಿತಗಳಾಗಿ ಬಿಡುಗಡೆಯಾಗುತ್ತದೆ, ನಡುವೆ ಬಹುತೇಕ ಸೊನ್ನೆ. ಹೆಣ್ಣಿನಲ್ಲಿ ಹೆಚ್ಚು ಕಡಿಮೆ ಸಮನಾಗಿ ಹರಿಯುತ್ತಿರುತ್ತದೆ. ಒಂದು ಚದರ ತರಂಗ, ಇನ್ನೊಂದು ನೇರ ಪ್ರವಾಹ ಎಂದಿಟ್ಟುಕೊಳ್ಳಿ. ಯಕೃತ್ತಿನ ಕೋಶ ಈ ಎರಡನ್ನು ಬೇರೆ ಬೇರೆಯಾಗಿ ಓದುತ್ತದೆ. ಲಯವನ್ನು ರೂಪಿಸುವಲ್ಲಿ ಲಿಂಗ ಹಾರ್ಮೋನುಗಳ ಪಾತ್ರವಿದೆ. ಆದರೆ ಯಕೃತ್ತಿನ ಮಟ್ಟಿಗೆ ಅವು ದೂರದಲ್ಲಿ ಕುಳಿತು ಸ್ವಿಚ್ಚು ಒತ್ತುತ್ತಿರುತ್ತವೆ. ಬೆಳವಣಿಗೆ ಹಾರ್ಮೋನಿನ ಕೊರತೆಯಿರುವ ‘ಲಿಟಲ್’ ಎಂಬ ಇಲಿ ತಳಿಯಲ್ಲಿ ಅದೇ ರಾಸಾಯನಿಕ ಕೊಟ್ಟರೂ ಗೆಡ್ಡೆಗಳು ಬಹಳ ಕಡಿಮೆ, ಹಾರ್ಮೋನುಗಳ ಪ್ರಭಾವವೂ ಕಾಣದು ಎಂದು 2001ರಲ್ಲೇ ವರದಿಯಾಗಿತ್ತು. ವೃಷಣ ತೆಗೆದಾಗ ಗೆಡ್ಡೆ ಕಡಿಮೆಯಾದದ್ದು ಟೆಸ್ಟೊಸ್ಟೆರೋನ್ ಇಲ್ಲದ್ದರಿಂದಲೋ, ಮಿಡಿತದ ಲಯ ಕೆಟ್ಟದ್ದರಿಂದಲೋ? ಮನುಷ್ಯರಲ್ಲಿ ಈ ಲಯಭೇದ ಇಲಿಗಳಷ್ಟು ತೀಕ್ಷ್ಣವಾಗಿಲ್ಲ. ಹಾಗಾಗಿ ಇಲಿಯಿಂದ ಮನುಷ್ಯನಿಗೆ ಜಿಗಿಯುವಾಗ ಎಷ್ಟು ಭಾಗ ಜೊತೆಗೆ ಬರುತ್ತದೆ, ಎಷ್ಟು ಹಿಂದೆ ಉಳಿಯುತ್ತದೆ ಎಂಬ ಪ್ರಶ್ನೆ ತೆರೆದೇ ಇದೆ.

ಔಷಧದ ಪರೀಕ್ಷೆ

ಒಂದು ಸಿದ್ಧಾಂತದ ಚಿಹ್ನೆ ಧನವೋ ಋಣವೋ ಎಂಬುದೇ ಅನಿಶ್ಚಿತವಾಗಿದ್ದರೆ ನಾವು ಜಾಗರೂಕರಾಗುತ್ತೇವೆ. 1980–90ರ ದಶಕಗಳಲ್ಲಿ ಹಲವು ವೈದ್ಯರು ಈಸ್ಟ್ರೋಜನ್ ಯಕೃತ್ತಿನ ಗೆಡ್ಡೆಗಳನ್ನು ಬೆಳೆಸುತ್ತದೆ ಎಂದೇ ನಂಬಿದ್ದರು. ಕೆಲವು ಗೆಡ್ಡೆಗಳಲ್ಲಿ ಈಸ್ಟ್ರೋಜನ್ ಗ್ರಾಹಕಗಳು ಕಂಡಿದ್ದವು. ಗರ್ಭನಿರೋಧಕ ಗುಳಿಗೆಗಳಿಗೂ ಯಕೃತ್ತಿನ ಅಡಿನೋಮ ಎಂಬ ನಿರಪಾಯಕಾರಿ ಗೆಡ್ಡೆಗೂ ನಂಟಿರಬಹುದೆಂದು 1973ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಜಾನೆಟ್ ಬಾಮ್ ಮತ್ತು ಸಂಗಡಿಗರು ತಿಳಿಸಿದ್ದರು. ಆ ನಂಟು ನಂತರದ ಅಧ್ಯಯನಗಳಲ್ಲಿ ದೃಢಪಟ್ಟಿದೆ. ಆಗಿನ ಗುಳಿಗೆಗಳಲ್ಲಿ ಹಾರ್ಮೋನಿನ ಪ್ರಮಾಣ ಈಗಿನದಕ್ಕಿಂತ ಹೆಚ್ಚಿತ್ತು ಎಂಬುದನ್ನೂ ಹೇಳಬೇಕು. ಒಟ್ಟಿನಲ್ಲಿ ಈಸ್ಟ್ರೋಜನನ್ನು ತಡೆದರೆ ಗೆಡ್ಡೆ ಕುಗ್ಗಬೇಕೆಂಬ ತರ್ಕದಿಂದ ಟಮೋಕ್ಸಿಫೆನ್ ಔಷಧವನ್ನು ಕೊಡತೊಡಗಿದರು.

ಇಟಲಿಯ ತಂಡವೊಂದು 496 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ಪರೀಕ್ಷಿಸಿ 1998ರಲ್ಲಿ ಫಲಿತಾಂಶ ಪ್ರಕಟಿಸಿತು. ಔಷಧ ಪಡೆದವರ ಮಧ್ಯಾಂಕ ಬದುಕುಳಿವು 15 ತಿಂಗಳು; ಪಡೆಯದವರದು 16. 2002ರಲ್ಲಿ ಏಷ್ಯಾ-ಪೆಸಿಫಿಕ್ ದೇಶಗಳ ತಂಡ ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟು ನೋಡಿದಾಗ ಪ್ರಮಾಣ ಏರಿದಂತೆ ಪರಿಣಾಮ ಕೆಟ್ಟದಾಯಿತು. ಇನ್ನೊಂದು ಕಡೆಯಿಂದ ಟೆಸ್ಟೊಸ್ಟೆರೋನನ್ನು ತಡೆಯುವ ಔಷಧಗಳನ್ನೂ ಯುರೋಪಿನಲ್ಲಿ ಪರೀಕ್ಷಿಸಿದರು. 1998ರಲ್ಲಿ ಬಂದ ಆ ಫಲಿತಾಂಶದಲ್ಲೂ ಪ್ರಯೋಜನ ಕಾಣಲಿಲ್ಲ. ಈಸ್ಟ್ರೋಜನ್ ತಡೆದರೂ ಇಲ್ಲ, ಟೆಸ್ಟೊಸ್ಟೆರೋನ್ ತಡೆದರೂ ಇಲ್ಲ.

ಇದರಿಂದ ಹಾರ್ಮೋನು ವಾದ ಸುಳ್ಳೆಂದು ತೀರ್ಮಾನಿಸಿದರೆ ಅದೂ ಅವಸರವೇ. ಹತ್ತಿಪ್ಪತ್ತು ವರ್ಷಗಳ ಕಾಲ ಗೆಡ್ಡೆ ಹುಟ್ಟಲು ನೆರವಾದ ಕಾರಣ, ಹುಟ್ಟಿದ ಗೆಡ್ಡೆಗೆ ಬೇಕಾಗದೆ ಇರಬಹುದು. ಬೆಂಕಿ ಹೊತ್ತಿದ ಮೇಲೆ ಕಡ್ಡಿಪೆಟ್ಟಿಗೆ ಕಿತ್ತುಕೊಂಡು ಏನು ಪ್ರಯೋಜನ? ಆದರೆ ಈ ಸಮರ್ಥನೆಯನ್ನು ಒಪ್ಪಿಕೊಂಡರೆ ಅದರ ಬೆಲೆಯನ್ನೂ ತೆರಬೇಕು. ಸಿದ್ಧಾಂತವನ್ನು ಮನುಷ್ಯರಲ್ಲಿ ಪರೀಕ್ಷಿಸುವ ನೇರ ದಾರಿ ಸದ್ಯಕ್ಕೆ ಮುಚ್ಚಿದೆ ಎಂದು ಒಪ್ಪಬೇಕಾಗುತ್ತದೆ.

ಜೀನುಗಳ ಲೆಕ್ಕ

ಈಗ ಜೀನಿನ ವ್ಯತ್ಯಾಸಗಳಿಗೆ ಬರೋಣ. ಟೆಸ್ಟೊಸ್ಟೆರೋನ್ ಗ್ರಾಹಕದ ಜೀನು ಎಕ್ಸ್ ಕ್ರೋಮೊಸೋಮಿನಲ್ಲಿದೆ. ಅದರಲ್ಲಿ ಸಿ-ಎ-ಜಿ ಎಂಬ ಮೂರಕ್ಷರದ ಪದ ಸಾಲಾಗಿ ಇಪ್ಪತ್ತು ಚಿಲ್ಲರೆ ಬಾರಿ ಪುನರಾವರ್ತನೆಯಾಗುತ್ತದೆ. ಎಷ್ಟು ಬಾರಿ ಎಂಬುದು ವ್ಯಕ್ತಿಯಿಂದ ವ್ಯಕ್ತಿಗೆ ಬೇರೆ. ಪುನರಾವರ್ತನೆ ಕಡಿಮೆಯಿದ್ದಷ್ಟೂ ಗ್ರಾಹಕ ಚುರುಕು. ತೈವಾನಿನ ಸಂಶೋಧಕರು 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೆಪಟೈಟಿಸ್-ಬಿ ವೈರಸ್ಸನ್ನು ಹೊತ್ತ ಗಂಡಸರಲ್ಲಿ ಪುನರಾವರ್ತನೆ ಕಡಿಮೆಯಿದ್ದು ರಕ್ತದಲ್ಲಿ ಟೆಸ್ಟೊಸ್ಟೆರೋನ್ ಹೆಚ್ಚಿದ್ದವರಿಗೆ ಅಪಾಯ ಹೆಚ್ಚೆಂದು ಕಂಡಿತು. ಸಿದ್ಧಾಂತಕ್ಕೆ ಸರಿಹೊಂದುವ ಫಲಿತಾಂಶ. ಎರಡು ವರ್ಷಗಳ ಬಳಿಕ ಅದೇ ತಂಡ ಹೆಂಗಸರನ್ನು ಪರೀಕ್ಷಿಸಿತು. ಅಲ್ಲಿ ಪುನರಾವರ್ತನೆ ಹೆಚ್ಚಿದ್ದವರಿಗೇ, ಅಂದರೆ ಗ್ರಾಹಕ ಮಂದವಾಗಿರುವವರಿಗೇ, ಅಪಾಯ ಹೆಚ್ಚಾಗಿತ್ತು! ಇದಕ್ಕೂ ವಿವರಣೆ ಹೊಸೆಯಬಹುದು. ಹೆಂಗಸರಲ್ಲಿ ಎರಡು ಎಕ್ಸ್ ಕ್ರೋಮೊಸೋಮುಗಳಿವೆ, ಹಾರ್ಮೋನಿನ ಮಟ್ಟ ಬೇರೆ, ಇತ್ಯಾದಿ. ಆದರೆ ಏರಿದರೂ ಸರಿ ಇಳಿದರೂ ಸರಿ ಎನ್ನುವ ಸಿದ್ಧಾಂತ ಮುನ್ಸೂಚನೆ ಕೊಡುತ್ತಿಲ್ಲ ಎಂದೇ ಅರ್ಥ. ತಮ್ಮ ಮೊದಲ ಫಲಿತಾಂಶಕ್ಕೆ ಅಡ್ಡಬಂದದ್ದನ್ನೂ ಮುಚ್ಚಿಡದೆ ಪ್ರಕಟಿಸಿದ ಆ ತಂಡದ ಪ್ರಾಮಾಣಿಕತೆ ದೊಡ್ಡದು. ಎರಡನೆಯ ಪ್ರಬಂಧವನ್ನು ಬಿಟ್ಟು ಮೊದಲನೆಯದನ್ನಷ್ಟೇ ಉಲ್ಲೇಖಿಸುವ ನಂತರದ ಬರಹಗಾರರಿಗೆ ಆ ಮಾತು ಹೇಳಲಾರೆ.

ಹೀಗೆ ಒಂದು ಜೀನನ್ನು ಮೊದಲೇ ಊಹಿಸಿ ಹುಡುಕುವ ಬದಲು ಇಡೀ ಜೀನೋಮನ್ನು ಜಾಲಾಡುವ ವಿಧಾನ ಮುಂದೆ ಬಂತು. 2010ರಲ್ಲಿ ಚೀನಾದ ತಂಡವೊಂದು ‘ನೇಚರ್ ಜೆನೆಟಿಕ್ಸ್’ ಪತ್ರಿಕೆಯಲ್ಲಿ ಹೆಪಟೈಟಿಸ್-ಬಿ ಹೊತ್ತವರ ಮೇಲಿನ ಇಂಥ ಅಧ್ಯಯನ ಪ್ರಕಟಿಸಿತು. ಕ್ಯಾನ್ಸರು ಇದ್ದ 355 ಮಂದಿ, ಇಲ್ಲದ 360 ಮಂದಿ, ಪ್ರತಿಯೊಬ್ಬರಲ್ಲೂ 4,40,794 ತಾಣಗಳ ಪರೀಕ್ಷೆ. ಇಲ್ಲಿ ಒಂದು ಸಣ್ಣ ಲೆಕ್ಕ ಮಾಡಿ. ಆಕಸ್ಮಿಕವಾಗಿ ಹೀಗಾಗುವ ಸಂಭವ ನೂರಕ್ಕೆ ಐದಕ್ಕಿಂತ ಕಡಿಮೆಯಿದ್ದರೆ ಫಲಿತಾಂಶ ಸಾರ್ಥಕ ಎಂದು ನಾವು ಸಾಮಾನ್ಯವಾಗಿ ಒಪ್ಪುತ್ತೇವೆ. 4,40,794ರ ನೂರಕ್ಕೆ ಐದು ಎಂದರೆ ಸುಮಾರು 22,000. ಯಾವ ಜೀನಿಗೂ ಯಾವ ಸಂಬಂಧವೂ ಇಲ್ಲದಿದ್ದರೂ ಇಪ್ಪತ್ತೆರಡು ಸಾವಿರ ‘ಆವಿಷ್ಕಾರ’ಗಳು ದೊರೆಯುತ್ತವೆ! ಇದಕ್ಕಾಗಿಯೇ ಈ ಕ್ಷೇತ್ರದಲ್ಲಿ ಮಿತಿಯನ್ನು ಎರಡು ಕೋಟಿಗೆ ಒಂದಕ್ಕೆ ಇಳಿಸಿದ್ದಾರೆ. ಆ ಚೀನೀ ಅಧ್ಯಯನ ಈ ಮಿತಿಯನ್ನು ಬಹಳ ಸುಲಭವಾಗಿ ದಾಟಿತ್ತು. ಇನ್ನೂ ಐದು ಗುಂಪುಗಳಲ್ಲಿ ಪರೀಕ್ಷಿಸಿ ಎಲ್ಲವನ್ನೂ ಸೇರಿಸಿದಾಗ ಒಂದನೆಯ ಕ್ರೋಮೊಸೋಮಿನ ಕೆಐಎಫ್1ಬಿ ಜೀನಿನ ಒಂದು ವ್ಯತ್ಯಾಸಕ್ಕೆ ದೊರೆತ ಸಂಭಾವ್ಯತೆ 1.7ನ್ನು ಹತ್ತರ ಹದಿನೆಂಟನೆಯ ಘಾತದಿಂದ ಭಾಗಿಸಿದಷ್ಟು. ಕಣಭೌತವಿಜ್ಞಾನಿಗಳೂ ಹೊಟ್ಟೆಕಿಚ್ಚುಪಡುವ ಸಂಖ್ಯೆ.

ಎರಡು ವರ್ಷಗಳ ನಂತರ ಜಪಾನ್, ಕೊರಿಯಾ ಮತ್ತು ಹಾಂಗ್‌ಕಾಂಗಿನ ರೋಗಿಗಳಲ್ಲಿ ಇದೇ ತಾಣವನ್ನು ಪರೀಕ್ಷಿಸಿದಾಗ ಸಂಬಂಧವೇ ಕಾಣಲಿಲ್ಲ. ಅಷ್ಟು ಸಣ್ಣ ಸಂಭಾವ್ಯತೆ ಕೈಕೊಟ್ಟದ್ದು ಹೇಗೆ? ಆಕಸ್ಮಿಕ ದೋಷವನ್ನು ಮಾತ್ರ ಆ ಸಂಖ್ಯೆ ಅಳೆಯುತ್ತದೆ. ವ್ಯವಸ್ಥಿತ ದೋಷವನ್ನು ಅಳೆಯುವುದಿಲ್ಲ. ನಿಮ್ಮ ಅಳತೆಪಟ್ಟಿಯೇ ಒಂದು ಮಿಲಿಮೀಟರು ತುಂಡಾಗಿದ್ದರೆ ಸಾವಿರ ಬಾರಿ ಅಳೆದರೂ ಸರಾಸರಿ ಸರಿಯಾಗದು, ತಪ್ಪು ಉತ್ತರದ ಮೇಲಿನ ನಂಬಿಕೆ ಮಾತ್ರ ಬೆಳೆಯುತ್ತದೆ. ರೋಗಿಗಳೂ ಆರೋಗ್ಯವಂತರೂ ಬೇರೆ ಬೇರೆ ಪ್ರದೇಶಗಳಿಂದ ಬಂದಿದ್ದರೋ, ವೈರಸ್ಸಿನ ತಳಿ ಬೇರೆಯಿತ್ತೋ, ಆಹಾರದಲ್ಲಿನ ಬೂಷ್ಟಿನ ವಿಷ ಕಾರಣವೋ, ನಿರ್ಧರಿಸುವುದು ಕಷ್ಟ. ಪ್ರಯೋಗಾಲಯದಲ್ಲಿ ದೋಷಗಳ ಪಾಠ ಮಾಡುವ ಅಧ್ಯಾಪಕರು ಈ ಉದಾಹರಣೆಯನ್ನು ಬಳಸಬಹುದು.

ಗಟ್ಟಿಯಾಗಿ ನಿಂತ ಜೀನುಗಳೂ ಇವೆ. ಅಮೆರಿಕದ ಡಲ್ಲಾಸ್ ನಗರದ ಜನರ ಅಧ್ಯಯನದಿಂದ 2008ರಲ್ಲಿ ಬೆಳಕಿಗೆ ಬಂದ ಪಿಎನ್‌ಪಿಎಲ್‌ಎ3 ಜೀನಿನ ವ್ಯತ್ಯಾಸ ಅವುಗಳಲ್ಲಿ ಮುಖ್ಯವಾದದ್ದು. ಪ್ರೋಟೀನಿನ 148ನೆಯ ಸ್ಥಾನದಲ್ಲಿ ಐಸೊಲ್ಯೂಸಿನ್ ಬದಲು ಮೆಥಿಯೊನಿನ್ ಇದ್ದರೆ ಯಕೃತ್ತಿನಲ್ಲಿ ಕೊಬ್ಬು ಶೇಖರವಾಗುತ್ತದೆ. ಸಿರೋಸಿಸ್ ಮತ್ತು ಕ್ಯಾನ್ಸರಿನ ಅಪಾಯವೂ ಏರುತ್ತದೆ. ದೇಶ ದೇಶಗಳಲ್ಲಿ ಇದು ಮತ್ತೆ ಮತ್ತೆ ಕಂಡುಬಂದಿದೆ. 2023ರಲ್ಲಿ ಇಟಲಿಯ ಮಿಲಾನ್ ನಗರದ ಲೂಕಾ ವಲೆಂಟಿ ಅವರ ತಂಡ ‘ನೇಚರ್ ಮೆಡಿಸಿನ್’ ಪತ್ರಿಕೆಯಲ್ಲಿ ಈ ಜೀನಿಗೂ ಈಸ್ಟ್ರೋಜನಿಗೂ ಇರುವ ನಂಟನ್ನು ವಿವರಿಸಿದೆ. ಈಸ್ಟ್ರೋಜನ್ ಗ್ರಾಹಕ ಈ ಜೀನಿನ ಬಳಿ ಕುಳಿತು ಅದನ್ನು ಚುರುಕುಗೊಳಿಸುತ್ತದೆ. ಜೀನು ಸರಿಯಿದ್ದರೆ ತೊಂದರೆಯಿಲ್ಲ. ವ್ಯತ್ಯಾಸವಿರುವ ಜೀನಾದರೆ ಕೆಟ್ಟ ಪ್ರೋಟೀನು ಹೆಚ್ಚು ತಯಾರಾಗುತ್ತದೆ. ಪರಿಣಾಮವಾಗಿ ಈ ವ್ಯತ್ಯಾಸದ ಹಾನಿ ಹೆಂಗಸರಲ್ಲಿ ಹೆಚ್ಚು. ಕಾಯುವ ಹಾರ್ಮೋನು ಇಲ್ಲಿ ಕೆಡಿಸುವ ಹಾರ್ಮೋನಾಗಿದೆ. ಹಾರ್ಮೋನಿಗೆ ‘ಒಳ್ಳೆಯದು’ ‘ಕೆಟ್ಟದ್ದು’ ಎಂಬ ಚೀಟಿ ಅಂಟಿಸುವವರು ಈ ಒಂದು ಪ್ರಬಂಧವನ್ನಾದರೂ ಓದಬೇಕು.

ಹೆಸರು ಕೇಳಿ ಮೋಸಹೋಗುವ ಇನ್ನೊಂದು ಜೀನಿನ ಬಗ್ಗೆಯೂ ಎಚ್ಚರವಿರಲಿ. ಎಚ್ಎಸ್‌ಡಿ17ಬಿ13 ಎಂಬ ಜೀನಿನ ಒಂದು ವ್ಯತ್ಯಾಸ ಯಕೃತ್ತಿನ ದೀರ್ಘಕಾಲದ ಕಾಯಿಲೆಯಿಂದ ರಕ್ಷಣೆ ಕೊಡುತ್ತದೆಂದು 2018ರಲ್ಲಿ ಗೊತ್ತಾಯಿತು. ಹೆಸರಿನಲ್ಲಿ ಸ್ಟೆರಾಯ್ಡ್ ಎಂಬ ಪದವಿದೆ, ಅದರ ಬಳಗದ ಇತರ ಕಿಣ್ವಗಳು ಲಿಂಗ ಹಾರ್ಮೋನುಗಳನ್ನು ಮಾರ್ಪಡಿಸುತ್ತವೆ. ಇದು ಮಾತ್ರ ಕೋಶದ ಕೊಬ್ಬಿನ ಹನಿಗಳ ಮೇಲೆ ಕೂರುವ ಕಿಣ್ವ. ರಕ್ಷಣೆಗೂ ಲಿಂಗ ಹಾರ್ಮೋನಿಗೂ ನಂಟಿದೆಯೆಂದು ಹೆಸರಿನಿಂದಲೇ ಊಹಿಸಲಾಗದು.

ಯಾವುದು ದೊಡ್ಡದು, ಯಾವುದು ಸಣ್ಣದು

ಈ ಚರ್ಚೆ ಪ್ರಯೋಗಾಲಯದ ಒಳಗೇ ಉಳಿದಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಎಂಜಲು ಕಳುಹಿಸಿದರೆ ಜೀನು ಪರೀಕ್ಷಿಸಿ ‘ನಿಮ್ಮ ಕ್ಯಾನ್ಸರ್ ಅಪಾಯ ಶೇಕಡಾ 30 ಹೆಚ್ಚು’ ಎಂಬಂಥ ವರದಿ ಕೊಡುವ ವ್ಯಾಪಾರ ಈಗ ನಮ್ಮ ಊರುಗಳಿಗೂ ಬಂದಿದೆ. ಶೇಕಡಾ 30 ಎಂದರೆ ಏನು? ಲೆಕ್ಕಕ್ಕಾಗಿ, ಒಂದು ಲಕ್ಷ ಜನರಲ್ಲಿ ವರ್ಷಕ್ಕೆ 10 ಮಂದಿಗೆ ಒಂದು ಕಾಯಿಲೆ ಬರುತ್ತದೆಂದು ಊಹಿಸಿಕೊಳ್ಳಿ. ಅಪಾಯ ಶೇಕಡಾ 30 ಹೆಚ್ಚಿದರೆ 13 ಮಂದಿಗೆ ಬರುತ್ತದೆ. ಉಳಿದ 99,987 ಮಂದಿಗೆ ಬರುವುದಿಲ್ಲ. ಅನುಪಾತವನ್ನು ಹೇಳಿ ಮೂಲ ಸಂಖ್ಯೆಯನ್ನು ಹೇಳದಿರುವುದು ವೇಗ ಹೇಳಿ ಏಕಮಾನ ಹೇಳದಿದ್ದಂತೆ.

ಹೋಲಿಕೆಗೆ ಶಾಂಘೈ ನಗರದ ಅಧ್ಯಯನವನ್ನು ನೋಡಿ. 1994ರಲ್ಲಿ ಪ್ರಕಟವಾದ ಫಲಿತಾಂಶ. ಕಡಲೆಕಾಯಿ, ಮೆಕ್ಕೆಜೋಳ ಮೊದಲಾದವು ಒದ್ದೆಯಾಗಿ ಬೂಷ್ಟು ಹಿಡಿದಾಗ ಉಂಟಾಗುವ ಅಫ್ಲಟಾಕ್ಸಿನ್ ವಿಷದ ಗುರುತು ದೇಹದಲ್ಲಿ ಕಂಡವರಿಗೆ ಅಪಾಯ 3.4 ಪಟ್ಟು. ಹೆಪಟೈಟಿಸ್-ಬಿ ಇದ್ದವರಿಗೆ 7.3 ಪಟ್ಟು. ಎರಡೂ ಇದ್ದವರಿಗೆ 59.4 ಪಟ್ಟು. ಕೂಡಿದರೂ ಗುಣಿಸಿದರೂ ಈ ಸಂಖ್ಯೆ ಬರದು, ಗುಣಲಬ್ಧ 25ರಷ್ಟಾಗುತ್ತದೆ. ಕ್ಯಾನ್ಸರು ಬಂದವರು 50 ಮಂದಿಯಷ್ಟೇ ಆದ್ದರಿಂದ ದೋಷದ ವ್ಯಾಪ್ತಿ ದೊಡ್ಡದು: 16.6ರಿಂದ 212ರವರೆಗೆ. ಹಾಗಿದ್ದರೂ ವ್ಯಾಪ್ತಿಯ ಕೆಳತುದಿಯೇ ಬಹುತೇಕ ಜೀನು ವ್ಯತ್ಯಾಸಗಳ ಪರಿಣಾಮಕ್ಕಿಂತ ಎಷ್ಟೋ ಮೇಲಿದೆ. (ಈ ಅಧ್ಯಯನದಲ್ಲಿ ಇದ್ದವರೆಲ್ಲ ಗಂಡಸರು. ಲಿಂಗಭೇದದ ಬಗ್ಗೆ ಇದು ಏನನ್ನೂ ಹೇಳಲಾರದು.) ಮಣ್ಣೆತ್ತುವಾಗ ಆನೆಯನ್ನು ಬಿಟ್ಟು ಇರುವೆಯ ಕೂಲಿ ಲೆಕ್ಕ ಹಾಕಬಾರದು.

ವಿಶ್ವ ಆರೋಗ್ಯ ಸಂಸ್ಥೆಯ 2024ರ ವರದಿಯ ಪ್ರಕಾರ 2022ರಲ್ಲಿ ಭಾರತದಲ್ಲಿ ಸುಮಾರು 2.98 ಕೋಟಿ ಜನ ಹೆಪಟೈಟಿಸ್-ಬಿ ಹೊತ್ತವರಿದ್ದರು. ಲಸಿಕೆ ಇದೆ. ಕರ್ನಾಟಕವೂ ಸೇರಿ ಹತ್ತು ರಾಜ್ಯಗಳಿಗೆ 2007–08ರಲ್ಲಿ, ಇಡೀ ದೇಶಕ್ಕೆ 2011ರಲ್ಲಿ ಅದು ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದ ಭಾಗವಾಯಿತು. ಮೊದಲ ಡೋಸನ್ನು ಮಗು ಹುಟ್ಟಿದ 24 ಗಂಟೆಗಳ ಒಳಗೆ ಕೊಡಬೇಕು. ಅದಕ್ಕಿಂತ ಮೊದಲು ಹುಟ್ಟಿದವರಲ್ಲಿ, ಅಂದರೆ ಇದನ್ನು ಓದುತ್ತಿರುವ ಅಧ್ಯಾಪಕರೆಲ್ಲರೂ ಸೇರಿ, ಬಹಳಷ್ಟು ಮಂದಿ ಈ ಲಸಿಕೆ ಪಡೆದಿಲ್ಲ. ಜೀನು ಪರೀಕ್ಷೆಗಿಂತ ವೈರಸ್ಸಿನ ರಕ್ತಪರೀಕ್ಷೆ ಎಷ್ಟೋ ಅಗ್ಗ.

ಹಾರ್ಮೋನೂ ವೈರಸ್ಸೂ ಬೇರೆ ಬೇರೆ ಕಥೆಗಳಲ್ಲ ಎಂಬುದು ಇತ್ತೀಚಿನ ಕುತೂಹಲಕಾರಿ ಬೆಳವಣಿಗೆ. ಹೆಪಟೈಟಿಸ್-ಬಿ ವೈರಸ್ಸಿನ ಡಿಎನ್‌ಎಯಲ್ಲೇ ಟೆಸ್ಟೊಸ್ಟೆರೋನ್ ಗ್ರಾಹಕ ಕೂರುವ ತಾಣಗಳಿವೆ ಎಂದು 2009–10ರ ಸುಮಾರಿಗೆ ತಿಳಿಯಿತು. ಗ್ರಾಹಕ ಅಲ್ಲಿ ಕುಳಿತಾಗ ವೈರಸ್ಸಿನ ಪ್ರತಿಲಿಪಿಗಳು ಹೆಚ್ಚುತ್ತವೆ; ಈಸ್ಟ್ರೋಜನ್ ಗ್ರಾಹಕ ಬೇರೆ ದಾರಿಯಿಂದ ಅವನ್ನು ತಗ್ಗಿಸುತ್ತದೆ. ಇದು ನಿಜವಾದರೆ ವೈರಸ್ಸನ್ನು ತೆಗೆದಾಗ ಗಂಡು ಹೆಣ್ಣಿನ ಅನುಪಾತವೂ ಇಳಿಯಬೇಕು. ಕೊನೆಗೂ ಪರೀಕ್ಷಿಸಬಹುದಾದ ಒಂದು ಮುನ್ಸೂಚನೆ!

ತೈವಾನಿನಲ್ಲಿ 1984ರ ಜುಲೈನಿಂದ ಮಕ್ಕಳಿಗೆ ಈ ಲಸಿಕೆ ಹಾಕುತ್ತಿದ್ದಾರೆ. 6ರಿಂದ 14 ವರ್ಷದ ಮಕ್ಕಳಲ್ಲಿ ಯಕೃತ್ತಿನ ಕ್ಯಾನ್ಸರು 1981–86ರಲ್ಲಿ ಲಕ್ಷಕ್ಕೆ 0.70 ಇದ್ದದ್ದು 1990–94ರಲ್ಲಿ 0.36ಕ್ಕೆ ಇಳಿಯಿತು. 2000ದಲ್ಲಿ ಮೇ-ಹ್ವೇ ಚಾಂಗ್ ಮತ್ತು ಸಂಗಡಿಗರು ಹುಡುಗ ಹುಡುಗಿಯರನ್ನು ಬೇರ್ಪಡಿಸಿ ಲೆಕ್ಕ ಕೊಟ್ಟರು. ಹುಡುಗ-ಹುಡುಗಿಯರ ಅನುಪಾತ 1981–84ರಲ್ಲಿ 4.5 ಇತ್ತು, 1990–96ರಲ್ಲಿ 1.9ಕ್ಕೆ ಇಳಿದಿತ್ತು. ಮುನ್ಸೂಚನೆ ನಿಜವಾಯಿತೇ?

ನಿಧಾನಿಸಿ. ಈ ಮಕ್ಕಳಲ್ಲಿ ಬಹುಪಾಲು ಇನ್ನೂ ಪ್ರೌಢಾವಸ್ಥೆ ತಲುಪದವರು. ಅವರ ರಕ್ತದಲ್ಲಿ ಟೆಸ್ಟೊಸ್ಟೆರೋನ್ ಬಹಳ ಕಡಿಮೆ. ಆದರೂ ಲಸಿಕೆಗೆ ಮುಂಚಿನ ಅನುಪಾತ ವಯಸ್ಕರ 2.7ಕ್ಕಿಂತ ಹೆಚ್ಚಿತ್ತು! ಹಾರ್ಮೋನು ವಾದಕ್ಕೆ ಇದು ನುಂಗಲಾರದ ತುತ್ತು. ಇನ್ನೊಂದು ವಿಷಯ: ಅದೇ ಪ್ರಬಂಧದಲ್ಲಿ ಲಸಿಕೆಯ ನಂತರ ಹುಟ್ಟಿದ ಹುಡುಗರ ಅಪಾಯ ಮೊದಲಿನವರ 0.72 ಪಟ್ಟು, ಸಾಂಖ್ಯಿಕವಾಗಿ ಸಾರ್ಥಕ. ಹುಡುಗಿಯರದು 0.77 ಪಟ್ಟು, ಸಾರ್ಥಕವಲ್ಲ. ಇದನ್ನು ‘ಲಸಿಕೆಯಿಂದ ಹುಡುಗರಿಗೆ ಲಾಭ, ಹುಡುಗಿಯರಿಗೆ ಇಲ್ಲ’ ಎಂದು ಓದುವುದು ಸುಲಭ. ಆದರೆ 0.72ಕ್ಕೂ 0.77ಕ್ಕೂ ಎಷ್ಟು ವ್ಯತ್ಯಾಸ? ಹುಡುಗರು 201 ಮಂದಿ ಇದ್ದರು, ಹುಡುಗಿಯರು 70. ಸಂಖ್ಯೆ ಕಡಿಮೆಯಿದ್ದಲ್ಲಿ ದೋಷದ ಅಂದಾಜು ಹಿಗ್ಗುತ್ತದೆ, ಅಷ್ಟೇ. 70ರ ವರ್ಗಮೂಲ 8.4, ಅಂದರೆ ಒಟ್ಟು ಸಂಖ್ಯೆಯಲ್ಲೇ ಶೇಕಡಾ 12ರ ಅನಿಶ್ಚಿತತೆ. ಅದನ್ನು ಹಲವು ಕಾಲಾವಧಿಗಳಿಗೆ ಹಂಚಿದಾಗ ಇನ್ನೂ ಹೆಚ್ಚು.

ಇನ್ನು ಈ ಎರಡು ಫಲಿತಾಂಶಗಳನ್ನು ಒಟ್ಟಿಗೆ ಇಟ್ಟು ನೋಡಿ. ಹುಡುಗರ ಅಪಾಯ 0.72 ಪಟ್ಟಿಗೂ ಹುಡುಗಿಯರದು 0.77 ಪಟ್ಟಿಗೂ ಇಳಿದರೆ ಅವರಿಬ್ಬರ ಅನುಪಾತ ಶೇಕಡಾ 6–7ರಷ್ಟು ಮಾತ್ರ ಕಡಿಮೆಯಾಗಬೇಕು: 4.5 ಇದ್ದದ್ದು 4.2 ಆಗಬೇಕು. 1.9 ಆಗುವುದು ಹೇಗೆ? ಒಂದು ಲೆಕ್ಕ ಕಾಯಿಲೆ ಪತ್ತೆಯಾದ ವರ್ಷದ ಪ್ರಕಾರ, ಇನ್ನೊಂದು ಮಗು ಹುಟ್ಟಿದ ವರ್ಷದ ಪ್ರಕಾರ. 1990–96ರಲ್ಲಿ ಪತ್ತೆಯಾದ 6ರಿಂದ 14 ವರ್ಷದವರಲ್ಲಿ ಲಸಿಕೆ ಪಡೆದವರೂ ಇದ್ದರು, 1984ಕ್ಕೆ ಮೊದಲು ಹುಟ್ಟಿದವರೂ ಇದ್ದರು. ಗುಂಪುಗಳೇ ಬೇರೆಯಾದಾಗ ಅನುಪಾತಗಳು ಹೊಂದದಿರುವುದು ಅಚ್ಚರಿಯಲ್ಲ. ಆದರೆ 4.5ರಲ್ಲಿ ಎಷ್ಟು ಭಾಗ ಹಾರ್ಮೋನಿನದು, ಎಷ್ಟು ಭಾಗ ಬೆರಳೆಣಿಕೆಯ ಹುಡುಗಿಯರ ಸಂಖ್ಯೆಯಿಂದ ಬಂದ ಏರಿಳಿತ ಎಂಬುದು ಆ ಕೋಷ್ಟಕದಿಂದ ತಿಳಿಯದು. 1984ರ ನಂತರ ಹುಟ್ಟಿದ ಆ ತಲೆಮಾರಿನ ಹಿರಿಯರು ಈಗ ನಲವತ್ತು ದಾಟಿದ್ದಾರೆ. ಯಕೃತ್ತಿನ ಕ್ಯಾನ್ಸರು ಹೆಚ್ಚಾಗತೊಡಗುವ ವಯಸ್ಸು ಅವರಿಗೆ ಈಗ ಆರಂಭವಾಗುತ್ತಿದೆ. ಪ್ರೌಢಾವಸ್ಥೆಯ ಹಾರ್ಮೋನುಗಳನ್ನು ಕಂಡ, ಆದರೆ ಬಹುತೇಕ ವೈರಸ್ಸನ್ನು ಕಾಣದ ಇವರಲ್ಲಿ ಗಂಡು ಹೆಣ್ಣಿನ ಅನುಪಾತ 2.7ರ ಹತ್ತಿರವೇ ನಿಲ್ಲುತ್ತದೋ, 1ರ ಕಡೆಗೆ ಸರಿಯುತ್ತದೋ ಎಂಬುದು ಮುಂದಿನ ಹತ್ತಿಪ್ಪತ್ತು ವರ್ಷಗಳ ದಾಖಲೆಗಳಲ್ಲಿ ಕಾಣಬೇಕು.